ಸಾರ್ಜೆಂಟ್ ಗೆಂಟ್ರಿಯ ಸರಂಜಾಮು

ಸೈನ್ಯ ಬಿಡುವವರು ಮೂವತ್ತೊಂದು ಕಿಟಕಿಗಳ ಮುಂದೆ ನಿಲ್ಲಬೇಕು. ಗ್ರಂಥಾಲಯದ್ದು ಒಂದು, ಹಲ್ಲಿನ ಡಾಕ್ಟರದ್ದು ಒಂದು, ಬಂದೂಕಿನ ಕೋಣೆಯದ್ದು ಒಂದು. ಪ್ರತಿ ಕಿಟಕಿಯಲ್ಲೂ ಒಂದು ಮೊಹರು. ಸಾರ್ಜೆಂಟ್ ಗೆಂಟ್ರಿ ಮೂವತ್ತು ಮೊಹರುಗಳನ್ನು ಐದು ದಿನ ನಡೆದುಕೊಂಡೇ ಹಾಕಿಸಿಕೊಂಡರು. ದಂಡಿನೊಳಗೆ ಕಾರು ತರುವ ಪರವಾನಗಿಯನ್ನು ಎರಡನೆಯ ಕಿಟಕಿಯಲ್ಲೇ ಕಿತ್ತುಕೊಂಡಿದ್ದರು. ಅಮೆರಿಕದ ಈ ಕೆಂಟಕಿಯಲ್ಲಿ ಮಾರ್ಚ್ ಕೊನೆಗೂ ಚಳಿ ಬಿಟ್ಟಿರುವುದಿಲ್ಲ. ಆರನೆಯ ದಿನ ನಮ್ಮ ಕಟ್ಟಡಕ್ಕೆ ಬಂದಾಗ ಅವರು ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದರು.

ಮೂವತ್ತೊಂದನೆಯ ಕಿಟಕಿ ನಮ್ಮದು. ಸೈನಿಕರಿಗೆ ಕೊಟ್ಟ ಸರಂಜಾಮನ್ನೆಲ್ಲ ವಾಪಸು ಪಡೆಯುವ ಜಾಗ. ಹೆಲ್ಮೆಟ್ಟು, ಬೆನ್ನುಚೀಲ, ಮಲಗುವ ಚೀಲ, ಮಡಚುವ ಗುದ್ದಲಿ, ಹೀಗೆ ಐವತ್ತೆಂಟು ಸಾಮಾನು. ನನ್ನ ಹೆಸರು ಕೋರಾ, ಇತಿಹಾಸದಲ್ಲಿ ಪದವಿ ಮಾಡಿದವಳು. ನಮ್ಮೂರಲ್ಲಿ ದಂಡಿನ ಕೆಲಸ ಬಿಟ್ಟರೆ ಕೋಳಿ ಕೊಯ್ಯುವ ಕಾರ್ಖಾನೆ. ಈ ಕಿಟಕಿಯಲ್ಲಿ ಎರಡು ಮಾತು ಬಂದರೆ ಸಾಕು, ‘ಆಯಿತು’ ಮತ್ತು ‘ಕೊಳಕಾಗಿದೆ’. ಹೆಚ್ಚು ಮಾತಾಡಲಾರದ ನನಗೆ ಅದೇ ಅನುಕೂಲವೆನಿಸಿತ್ತು.

ಕೊಳಕಾಗಿದೆ ಎಂದರೆ ಎಲ್ಲವನ್ನೂ ಹೊತ್ತುಕೊಂಡು ವಾಪಸು ಹೋಗಬೇಕು. ಚೀಲದ ಹೊಲಿಗೆಯಲ್ಲಿ ಉಗುರಿನಷ್ಟು ಮಣ್ಣಿದ್ದರೂ ಸಾಕು. ಎಷ್ಟು ಸಲ ವಾಪಸು ಕಳಿಸಬಹುದು ಎಂಬುದಕ್ಕೆ ಲೆಕ್ಕವಿಲ್ಲ. ನಮ್ಮ ಮೇಲಿನವರು ಮಿಸ್ಟರ್ ಡಫಿ, ತಾವೇ ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದವರು. ಅವರ ಕಾಲದಲ್ಲಿ ಒಬ್ಬನನ್ನು ಏಳು ಸಲ ಕಳಿಸಿದ್ದರಂತೆ. ಅದನ್ನು ಹೊಸಬರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಸೈನಿಕರು ಸರಂಜಾಮು ಒಪ್ಪಿಸುವ ಮೊದಲು ಹಲ್ಲುಜ್ಜುವ ಬ್ರಶ್ಶು ಹಿಡಿದು ಕೂರುತ್ತಾರೆ.

ಆ ಗುರುವಾರ ಗೆಂಟ್ರಿಯವರ ಸರಂಜಾಮಿನ ಮೇಲೆ ಗದ್ದೆಯಲ್ಲಿ ಹೊರಳಿದ ಹಾಗೆ ಮಣ್ಣಿತ್ತು.

ಗೆಂಟ್ರಿ ನಮ್ಮ ಮನೆಯ ಮೇಲಿನ ಮನೆಯವರು. ಜನವರಿಯಲ್ಲಿ ನನ್ನ ಕಾರಿನ ಬ್ಯಾಟರಿ ಸತ್ತಾಗ ಕೆಳಗಿಳಿದು ಬಂದು ಆ ಚಳಿಯಲ್ಲಿ ಕೈಗವಸಿಲ್ಲದೆಯೇ ಸರಿ ಮಾಡಿಕೊಟ್ಟರು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, “ಏನ್ ಮರಿ, ಗಾಡಿ ಹೇಗಿದೆ?” ಎನ್ನುತ್ತಿದ್ದರು. ನಾನು ಚೆನ್ನಾಗಿದೆ ಎನ್ನುತ್ತಿದ್ದೆ. ಅಷ್ಟೇ ಮಾತು. ನನಗೆ ಅಷ್ಟು ಮಾತಾಡುವವರೂ ಬೇರೆ ಯಾರೂ ಇರಲಿಲ್ಲ.

ಹೆಲಿಕಾಪ್ಟರ್ ಎಂಜಿನ್ ರಿಪೇರಿಯ ತುಕಡಿಗೆ ಅವರು ಮುಖ್ಯಸ್ಥೆ. ಹದಿನೇಳು ವರ್ಷದ ನೌಕರಿ, ಮೂರು ಸಲ ಯುದ್ಧಭೂಮಿ. ಸೇರಿದಾಗ ಅವರಿಗೆ ಗಂಡಸಿನ ಹೆಸರಿತ್ತು. ಒಂಬತ್ತು ವರ್ಷದ ಹಿಂದೆ ಹೆಣ್ಣಾಗಿ ಬದುಕತೊಡಗಿದರು. ಸೈನ್ಯವೇ ಕಾಗದದಲ್ಲಿ ಹೆಸರು ತಿದ್ದಿತು, ಸೈನ್ಯವೇ ಬಡ್ತಿ ಕೊಟ್ಟಿತು. ಈಗ ರಾಜಧಾನಿಯಿಂದ ಆದೇಶ ಬಂದಿತ್ತು. ಇಂಥವರು ಸೈನ್ಯಕ್ಕೆ ತಕ್ಕವರಲ್ಲ, ಹೊರಗೆ ಹೋಗಲಿ ಎಂದು. ಇನ್ನು ಮೂರು ವರ್ಷ ತುಂಬಿದ್ದರೆ ನಿವೃತ್ತಿ ಆಗಿ ಪಿಂಚಣಿ ಸಿಗುತ್ತಿತ್ತು.

ನಮ್ಮ ಹಜಾರದಲ್ಲಿ ಗೋಡೆಗೆ ಟೀವಿ ಇದೆ. ಅಂದು ಅದರಲ್ಲಿ ಇಬ್ಬರು ಇದೇ ವಿಷಯಕ್ಕೆ ವಾದ ಮಾಡುತ್ತಿದ್ದರು. ಶಿಸ್ತು ಕೆಡುತ್ತದೆ ಎಂದು ಒಬ್ಬ, ಇವರು ನಮ್ಮ ಹೆಮ್ಮೆ ಎಂದು ಇನ್ನೊಬ್ಬ. ಇಬ್ಬರ ಟೈಗಳೂ ಚೆನ್ನಾಗಿದ್ದವು. ಸಾಲಿನಲ್ಲಿದ್ದ ಒಬ್ಬ ಹುಡುಗ, ಇವರಿಬ್ಬರಲ್ಲಿ ಯಾರಿಗಾದರೂ ಈ ಬೆನ್ನುಚೀಲ ಹೊರಿಸಿದರೆ ಸಂಜೆಯೊಳಗೆ ವಾದ ಮುಗಿಯುತ್ತೆ ಎಂದ. ನಾಲ್ಕು ಜನ ನಕ್ಕರು. ಗೆಂಟ್ರಿ ನಗಲಿಲ್ಲ, ಟೀವಿಯ ಕಡೆ ನೋಡಲೂ ಇಲ್ಲ. ಬೂಟಿನ ದಾರ ಬಿಗಿ ಮಾಡಿಕೊಂಡರು.

ನಾನು ಬೆನ್ನುಚೀಲ ತಿರುವಿ ನೋಡಿ, ಕೊಳಕಾಗಿದೆ ಎಂದೆ. ಡಫಿ ನನ್ನ ಹಿಂದೆ ಬಂದು ನಿಂತರು.

“ಹದಿನೇಳು ವರ್ಷ ಇದ್ದೋರು ತರೋ ಸಾಮಾನಾ ಇದು? ನೋಡಮ್ಮ ಕೋರಾ, ಇಂಥೋರನ್ನ ಯಾಕೆ ಕಳಿಸ್ತಿದ್ದಾರೆ ಅಂತ ಟೀವಿ ನೋಡಿ ತಿಳ್ಕೋಬೇಕಾಗಿಲ್ಲ. ಅವನು… ಅವಳು… ಏನಂತಾರೋ ಅದು.”

ಗೆಂಟ್ರಿ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು, ಮಂಗಳವಾರಕ್ಕೆ ಸರದಿ ಬರೆಸಿಕೊಂಡು ಹೋದರು.

ಸಂಜೆ ಬಟ್ಟೆ ಒಗೆಯಲು ನಮ್ಮ ಮನೆಗಳಿರುವ ಕಟ್ಟಡದ ನೆಲಮಾಳಿಗೆಗೆ ಹೋದಾಗ ಅವರು ಅಲ್ಲಿದ್ದರು. ಯಂತ್ರ ತಿರುಗುತ್ತಿತ್ತು. ನನ್ನ ಕಡೆ ನೋಡದೆ ವಿಷಯ ಹೇಳಿದರು. ಅವರಂಥವರು ಕೆಲವರು ಸೇರಿ ಕೋರ್ಟಿಗೆ ಹೋಗಿದ್ದಾರೆ. ಬುಧವಾರ ಜಡ್ಜ್ ತೀರ್ಪು ಹೇಳುತ್ತಾರೆ. ಆದೇಶಕ್ಕೆ ತಡೆ ಸಿಕ್ಕಿದರೆ, ಅಂದು ಸೈನ್ಯದ ಪಟ್ಟಿಯಲ್ಲಿ ಹೆಸರಿರುವವರನ್ನು ಮೊಕದ್ದಮೆ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಮೊಹರುಗಳೆಲ್ಲ ಬಿದ್ದು ಹೆಸರು ಹೊರಗೆ ಹೋದವರಿಗೆ ಅದು ಅನ್ವಯಿಸುವುದಿಲ್ಲ. ಇದನ್ನು ಯಾರ ಮುಂದೆಯೂ ಬಾಯಿ ಬಿಡಬೇಡಿ, ತುಕಡಿಯವರಿಗೂ ಹೇಳಬೇಡಿ ಎಂದು ವಕೀಲೆ ಹೇಳಿದ್ದರಂತೆ. ಮೂವತ್ತು ಕಿಟಕಿಗಳಲ್ಲಿ ತಡ ಮಾಡಲು ದಾರಿಯಿರಲಿಲ್ಲ. ನಮ್ಮದರಲ್ಲಿ ಮಾತ್ರ ಇತ್ತು.

“ಮಂಗಳವಾರ ಒಂದು ದಿನ ನೀನು ಕೊಳಕು ಅನ್ನಬೇಕು ಮರಿ. ಸುಳ್ಳು ಹೇಳು ಅಂತ ಕೇಳ್ತಿಲ್ಲ. ನಿಜವಾಗಿ ಕೊಳಕಾಗೇ ತರ್ತೀನಿ.”

ನಾನು ಆಗಲಿ ಎಂದು ತಲೆಯಾಡಿಸಿದೆ. ಆಮೇಲೆ ಇಬ್ಬರೂ ಯಂತ್ರ ತಿರುಗುವುದನ್ನು ನೋಡುತ್ತ ಕೂತೆವು.

ಮಂಗಳವಾರ ಹತ್ತು ಗಂಟೆಗೆ ಗೆಂಟ್ರಿ ಬಂದರು. ಅವರ ಹಿಂದೆ ಆರು ಜನ. ಅವರ ತುಕಡಿಯ ಹುಡುಗರು, ಹುಡುಗಿಯರು. ಸರಂಜಾಮು ಗೆಂಟ್ರಿಯ ಕೈಯಲ್ಲಿರಲಿಲ್ಲ, ಆರು ಜನ ಹಂಚಿಕೊಂಡು ಹೊತ್ತಿದ್ದರು. ಮುಂದೆ ಇದ್ದವನು ಕಾರ್ಪೊರಲ್ ಬಾಸ್ಕಮ್, ಇಬ್ಬರು ಮಕ್ಕಳ ತಂದೆ, ದಪ್ಪ ಕುತ್ತಿಗೆಯವನು. ನನ್ನ ಕಿಟಕಿಯ ಮೇಜಿನ ಮೇಲೆ ಒಂದೊಂದನ್ನೇ ಸಾಲಾಗಿ ಇಟ್ಟ.

ಎಲ್ಲವೂ ಚೊಕ್ಕಟವಾಗಿದ್ದವು. ಈ ಕಿಟಕಿಯ ನಾಲ್ಕು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿಲ್ಲ. ಗುದ್ದಲಿಯ ಕೀಲಿನಲ್ಲಿ ಮಣ್ಣಿರಲಿಲ್ಲ. ಚೀಲದ ಹೊಲಿಗೆ ಹೊಸದರ ಹಾಗಿತ್ತು.

ಬಾಸ್ಕಮ್ ಹೇಳುತ್ತಲೇ ಇದ್ದ. ಸಾರ್ಜೆಂಟರಿಗೆ ಬೀಳ್ಕೊಡುಗೆ ಮಾಡಬಾರದೆಂದು ಮೇಲಿನವರು ಹೇಳಿಬಿಟ್ಟಿದ್ದರಂತೆ. ಕೇಕು ಬೇಡ, ಫಲಕ ಬೇಡ, ಭಾಷಣ ಬೇಡ. ಭಾನುವಾರ ಗೆಂಟ್ರಿ ಊರಲ್ಲಿಲ್ಲದಾಗ ಈ ಆರು ಜನ ತುಕಡಿಯ ಗೂಡಿನಲ್ಲಿ ಸರಂಜಾಮು ಮಣ್ಣಾಗಿ ಬಿದ್ದಿದ್ದು ನೋಡಿದರು. ಪಾಪ, ಇವರಿಗೆ ತೊಳೆಯುವ ಮನಸ್ಸೂ ಉಳಿದಿಲ್ಲ ಅಂದುಕೊಂಡರು. ಎಲ್ಲ ಹೊತ್ತುಕೊಂಡು ಪೆಟ್ರೋಲ್ ಬಂಕಿನ ಹಿಂದೆ ಕಾರು ತೊಳೆಯುವ ಜಾಗಕ್ಕೆ ಹೋದರು. ನಾಲ್ಕು ಗಂಟೆ ಹೊತ್ತು ತಣ್ಣೀರು. ಆಮೇಲೆ ಬ್ರಶ್ಶು. ಗೆಂಟ್ರಿಗೆ ತೋರಿಸಿದ್ದು ಈ ಬೆಳಿಗ್ಗೆಯೇ.

“ಹೋಗೋವಾಗ ಯಾರೂ ಇವರ ಸಾಮಾನಿಗೆ ಬೆರಳು ತೋರಿಸಬಾರದು ಮೇಡಂ, ಅದಕ್ಕೆ,” ಎಂದ ಬಾಸ್ಕಮ್. ಅವನ ಬೆರಳುಗಳ ಗೆಣ್ಣುಗಳು ಸೋಪಿಗೂ ಚಳಿಗೂ ಒಡೆದಿದ್ದವು. ಉಳಿದವರದೂ ಹಾಗೇ ಇದ್ದವು.

ಗೆಂಟ್ರಿ ನನ್ನನ್ನು ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ ಎಂದು ಕಾಣುತ್ತದೆ. ನನ್ನ ಕೈ ಚೀಲದ ಮೇಲಿತ್ತು. ಆ ಕೈ ನನ್ನದಲ್ಲ, ಯಾರೋ ಅಲ್ಲಿ ಮರೆತು ಹೋದದ್ದು ಅನ್ನಿಸುತ್ತಿತ್ತು.

“ಕೊಳಕಾಗಿದೆ,” ಎಂದೆ.

ಬಾಸ್ಕಮ್ ಕೇಳಿಸಿಕೊಂಡದ್ದನ್ನು ನಂಬಲಿಲ್ಲ. “ಎಲ್ಲಿ?”

“ಚೀಲ. ವಾಪಸು ತಗೊಂಡು ಹೋಗಿ.”

“ಎಲ್ಲಿದೆ ತೋರಿಸಿ ಮೇಡಂ. ನಾಲಿಗೆಯಿಂದ ನೆಕ್ತೀನಿ ಬೇಕಾದ್ರೆ. ನೀವೂ ಅವರ ಪೈಕಿನೇನಾ? ಸಾಯೋವರೆಗೂ ಓಡಾಡಿಸ್ಬೇಕು ಅಂತಿದೀರಾ ಇವರನ್ನ?”

ಅವನ ಹಿಂದಿದ್ದವಳು ಥೂ ಎಂದಳು. ಅವರು ಬೈಯುತ್ತಿದ್ದುದು ಗೆಂಟ್ರಿಯ ಪರವಾಗಿ. ನಾನು ಹೇಳುವ ಹಾಗಿರಲಿಲ್ಲ. ಸದ್ದಿಗೆ ಡಫಿ ಒಳಗಿನಿಂದ ಬಂದರು. ಚೀಲ ಎತ್ತಿ ಬೆಳಕಿಗೆ ಹಿಡಿದರು. ಹೆಲ್ಮೆಟ್ಟಿನ ಒಳಗೆ ಬೆರಳಾಡಿಸಿ ಬೆರಳನ್ನು ನೋಡಿಕೊಂಡರು. ಗುದ್ದಲಿ ಮಡಚಿದರು, ಬಿಚ್ಚಿದರು.

“ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ,” ಎಂದರು. ಆಮೇಲೆ ಗೆಂಟ್ರಿಯ ಕಡೆ ತಿರುಗಿದರು. “ನೀವೇ ಹೇಳಿ ಸಾರ್ಜೆಂಟ್. ಇದು ಕೊಳಕಾ?”

ಅವರು ಗೆಂಟ್ರಿಯನ್ನು ಸಾರ್ಜೆಂಟ್ ಎಂದು ಕರೆದದ್ದು ಅದೇ ಮೊದಲು.

ಒಂದು ಮಾತು ಸಾಕಿತ್ತು. ಹೌದು, ಕೊಳಕು, ನಾಳಿದ್ದು ತರ್ತೀನಿ ಎಂದರೆ ಮುಗಿಯುತ್ತಿತ್ತು. ಗೆಂಟ್ರಿ ತಿರುಗಿ ಆರು ಜನರನ್ನು ನೋಡಿದರು. ಅವರು ಪರೇಡಿನಲ್ಲಿ ನಿಂತ ಹಾಗೆ ನಿಂತಿದ್ದರು. ಗೆಂಟ್ರಿಯ ಕಣ್ಣು ಅವರ ಕೈಗಳ ಮೇಲೆ ಒಂದೊಂದಾಗಿ ಹೋಯಿತು.

“ಇಲ್ಲ,” ಎಂದರು. “ಚೊಕ್ಕಟವಾಗಿದೆ.”

ಡಫಿ ಮೊಹರನ್ನು ನನ್ನ ಕಡೆ ತಳ್ಳಿದರು. ಹೊಸಬಳ ಹಾಗೆ ಆಡಬೇಡ ಎಂದು ಮೆಲ್ಲಗೆ ಗದರಿದರು. ನಾನು ಒತ್ತಿದೆ. ಮೊಹರು ಒತ್ತಿದ ಕೈ ನನ್ನದೇ, ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಬಾಸ್ಕಮ್ ಮತ್ತು ಉಳಿದವರು ಬಾಗಿಲ ತನಕ ಗೆಂಟ್ರಿಯ ಎರಡೂ ಪಕ್ಕದಲ್ಲಿ ನಡೆದರು. ಯಾರೋ ಕೈ ಎತ್ತಿ ಸಲಾಮು ಹೊಡೆದರು, ಕಟ್ಟಡದ ಒಳಗೆ ಹೊಡೆಯಬಾರದೆಂಬ ನಿಯಮವಿದೆ. ಡಫಿ ಕಂಡೂ ಸುಮ್ಮನಿದ್ದರು.

ಅಂದು ಮನೆಗೆ ಹೋದಾಗ ಗೆಂಟ್ರಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನಿಂತೆ.

“ಹಾಗೆ ತೊಳೆಯೋದು ಅವರಿಗೆ ಕಲಿಸಿದ್ದೇ ನಾನು ಮರಿ,” ಎಂದರು. ಸ್ವಲ್ಪ ಸರಿದು ನನಗೆ ಜಾಗ ಬಿಟ್ಟರು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಹಜಾರದ ಟೀವಿಯಲ್ಲಿ ಸುದ್ದಿ ಬಂತು. ತಡೆ ಸಿಕ್ಕಿತು. ಪಟ್ಟಿಯಲ್ಲಿರುವವರನ್ನು ಸದ್ಯಕ್ಕೆ ತೆಗೆಯುವ ಹಾಗಿಲ್ಲ. ಅದೇ ಇಬ್ಬರು ಮತ್ತೆ ವಾದಕ್ಕೆ ಕೂತರು, ಟೈ ಬೇರೆ ಇತ್ತು. ನಾನು ಆ ಹೊತ್ತಿಗೆ ಒಬ್ಬನ ಮಳೆಕೋಟಿನ ಗುಂಡಿ ಎಣಿಸುತ್ತಿದ್ದೆ. ಎಣಿಸಿ ಮುಗಿಸಿ, ಆಯಿತು ಎಂದೆ.

ಗುರುವಾರ ಬಾಸ್ಕಮ್ ಒಬ್ಬನೇ ಬಂದ. ಕೈಯಲ್ಲಿ ಸಾಮಾನು ಇರಲಿಲ್ಲ. ಸಾಲಿನಲ್ಲಿ ನಿಂತು ಸರದಿ ಬಂದ ಮೇಲೆ ಕಿಟಕಿಗೆ ಬಂದ.

“ಅವತ್ತು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕೆ ಹೇಳ್ಲಿಲ್ಲ?”

ಹೇಳಬಾರದು ಅಂದಿದ್ದರು ಎಂದೆ. ಅವನು ತಲೆಯಾಡಿಸಿದ. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅವನ್ನೇ ನೋಡಿದ. ಸಾಲಿನಲ್ಲಿದ್ದ ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವನ ತಲೆ ಮೇಲೆದ್ದಿತು, ಕಿಟಕಿಯ ಪಕ್ಕದ ಗೋಡೆಯ ಮೇಲೆ ಏನನ್ನೋ ಕಂಡ.

ಬೆಳಿಗ್ಗೆ ಡಫಿ ಹಜಾರದಲ್ಲಿ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಒಂದು ಹಲಗೆ ಹೊಡೆಸಿದ್ದರು. ಅದರ ಮೇಲೆ ಗೆಂಟ್ರಿಯ ಹೆಲ್ಮೆಟ್ಟು, ಬೆನ್ನುಚೀಲ, ಗುದ್ದಲಿ. ಕೆಳಗೆ ಬಿಳಿ ಫಲಕ. ‘ಸೈನಿಕರು ಸರಂಜಾಮನ್ನು ಹೀಗೆ ಒಪ್ಪಿಸಬೇಕು.’ ಅವರು ಅದನ್ನು ಕುಹಕಕ್ಕೆ ಮಾಡಿರಲಿಲ್ಲ. ನಿಜವಾಗಿಯೂ ಮೆಚ್ಚಿ ಮಾಡಿದ್ದರು.

“ಯಾರದು ಅಂತ ಹಾಕಿಲ್ಲವಲ್ಲ,” ಎಂದ ಬಾಸ್ಕಮ್.

ನಾನು ಡಫಿಯ ಹತ್ತಿರ ಹೋಗಿ ಹೆಸರು ಯಾಕಿಲ್ಲ ಎಂದು ಕೇಳಿದೆ. ಸೈನ್ಯದಿಂದ ಹೋದವರ ಹೆಸರು ಸರ್ಕಾರಿ ಗೋಡೆಯ ಮೇಲೆ ಹಾಕುವ ಹಾಗಿಲ್ಲ, ಅದರಲ್ಲೂ ಇಂಥವರದು, ತಮ್ಮ ನೌಕರಿಗೇ ಸಂಚಕಾರ ಬರುತ್ತೆ ಎಂದರು. “ಆರ್ಡರ್ ಆರ್ಡರೇ ಕಣಮ್ಮ. ಸಾಮಾನು ಬೇರೆ, ಮನುಷ್ಯರು ಬೇರೆ.”

ಸೋಮವಾರ ನಾನು ಅರ್ಧ ಗಂಟೆ ಮುಂಚೆ ಹೋದೆ. ಕುರ್ಚಿ ಹಾಕಿಕೊಂಡು ಹತ್ತಿ, ಫಲಕದ ಕೆಳಗೆ ಕಪ್ಪು ಪೆನ್ನಿನಲ್ಲಿ ಬರೆದೆ. ‘ಸಾರ್ಜೆಂಟ್ ಟೆಸ್ ಗೆಂಟ್ರಿ. ಹದಿನೇಳು ವರ್ಷ.’ ನನ್ನ ಅಕ್ಷರ ಸಣ್ಣದು, ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಒಂಬತ್ತು ಗಂಟೆಗೆ ಡಫಿ ಒದ್ದೆ ಬಟ್ಟೆಯಿಂದ ಒರೆಸಿದರು. ಇನ್ನೊಂದು ಸಲ ಹೀಗಾದರೆ ಮೇಲಿನವರಿಗೆ ದೂರು ಬರೆಯುತ್ತೇನೆ ಎಂದರು. ನಾನು ಸರಿ ಎಂದೆ.

ಮಂಗಳವಾರ ಊಟದ ಬಿಡುವು ಮುಗಿಸಿ ಬಂದಾಗ ಹೆಸರು ಮತ್ತೆ ಅಲ್ಲಿತ್ತು. ಡಫಿ ಬಟ್ಟೆ ಹಿಡಿದು ನನ್ನ ಕಿಟಕಿಗೆ ಬಂದರು.

“ನಿಂಗೆ ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?”

“ನಿನ್ನೆದು ನಂದು,” ಎಂದೆ. “ಇದು ನಂದಲ್ಲ.”

ಅವರು ಹೋಗಿ ನೋಡಿದರು. ಅಕ್ಷರಗಳು ಅಂಗೈ ಅಗಲ ಇದ್ದವು, ಓರೆಯಾಗಿ, ಬಾಗಿಲಿನಿಂದಲೇ ಓದಬಹುದಿತ್ತು. ಅವರು ಸಾಲಿನ ಕಡೆ ತಿರುಗಿದರು. ಹನ್ನೊಂದು ಜನ ನಿಂತಿದ್ದರು. ಯಾರು ಬರೆದದ್ದು ಎಂದು ಕೇಳಿದರು. ಎಲ್ಲರೂ ನೇರ ಮುಂದೆ ನೋಡುತ್ತಿದ್ದರು, ಅವರಿಗೆ ಹಾಗೆ ನಿಲ್ಲುವುದು ಅಭ್ಯಾಸ. ಮೊದಲು ನಿಂತಿದ್ದವನ ತೋಳಿನ ಜೇಬಿನಲ್ಲಿ ಒಂದು ದಪ್ಪ ಕಪ್ಪು ಪೆನ್ನಿತ್ತು. ಅವನ ಹಿಂದಿದ್ದವಳ ಜೇಬಿನಲ್ಲೂ ಇತ್ತು. ಅವಳ ಹಿಂದಿನವನ ಜೇಬಿನಲ್ಲೂ.