ಮೇಷ್ಟ್ರ ಕೋಟಿನ ಎಡಭುಜ

ಚುನಾವಣೆಗೆ ನಿಂತವರಿಗೆ ಎದುರಾಳಿ ಇರುವುದು ಸಹಜ. ನಿಲ್ಲದೇ ಕೂತಿದ್ದ ನನಗೂ ಒಬ್ಬ ಎದುರಾಳಿ ಹುಟ್ಟಿಕೊಂಡರು: ಲೆಕ್ಕದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ತೆಪ್ಪಗೆ ಪೇಪರ್ ಓದಿಕೊಂಡಿರುವುದು ಬಿಟ್ಟು ನಮ್ಮ ವಾರ್ಡಿನಿಂದ ನಗರಸಭೆಗೆ ನಿಂತರು. ನಿಲ್ಲಲಿ, ನನ್ನ ಗಂಟೇನು ಹೋಯಿತು ಅಂದುಕೊಂಡೆ. ಹೋದದ್ದು ನನ್ನ ಹೆಂಡತಿ.

ಓಡಿಹೋದಳು ಅಂತಲ್ಲ. ಬೆಳಿಗ್ಗೆ ಅಡುಗೆ ಮಾಡಿಟ್ಟು, ಕೈಚೀಲದಲ್ಲಿ ಕರಪತ್ರ ತುಂಬಿಕೊಂಡು ಹೊರಟರೆ ಸಂಜೆಗೇ ಬರುತ್ತಿದ್ದಳು. ನಮ್ಮದು ಹೊಲಿಗೆ ಅಂಗಡಿ. ಕತ್ತರಿ, ಮೆಷಿನ್ನು ನನ್ನದು. ಕಾಜಾ, ಗುಂಡಿ, ಹೆಮ್ಮಿಂಗ್ ಅವಳದು. ಮದುವೆಯಾದಾಗಿನಿಂದ ನನ್ನ ಮೆಷಿನ್ನಿನ ಎದುರು ಸ್ಟೂಲ್ ಹಾಕಿಕೊಂಡು ಕೂತವಳು. ನಾನು ತಲೆಯೆತ್ತಿದರೆ ಬಗ್ಗಿದ ಅವಳ ಬೈತಲೆ ಕಾಣಬೇಕು, ಅದು ನನ್ನ ಅಭ್ಯಾಸ. ಈಗ ತಲೆಯೆತ್ತಿದರೆ ಖಾಲಿ ಸ್ಟೂಲು.

ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನಿಗೆ ಇಷ್ಟು ಸಾಕು. "ಏನಪ್ಪಾ ಟೈಲರ್, ಮನೆಯವರು ಪೂರ್ತಿ ಪಕ್ಷಾಂತರವಾ?" ಅಂತ ಕೂಗುತ್ತಿದ್ದ. ನಾನು ನಗುತ್ತಿದ್ದೆ. ಆಮೇಲೆ ಗುಂಡಿ ಹಚ್ಚಲು ಕೂತು ಬೆರಳು ಚುಚ್ಚಿಕೊಳ್ಳುತ್ತಿದ್ದೆ.

ನನಗೆ ಹೊಟ್ಟೆಕಿಚ್ಚಾಗಿತ್ತು, ಮುಚ್ಚಿಟ್ಟು ಏನು ಪ್ರಯೋಜನ? ಮೇಷ್ಟ್ರಿಗೆ ಅರವತ್ತು ದಾಟಿದೆ, ತಲೆ ಬೋಳು, ಮಾತಿನ ಮಧ್ಯೆ ಮೂಗು ಸೀಟುತ್ತಾರೆ. ಆ ಥರದ ಅನುಮಾನವೇನೂ ನನಗಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ಜಗಳವಾದರೂ ಆಡಬಹುದಿತ್ತು. ನನ್ನನ್ನು ಸುಡುತ್ತಿದ್ದದ್ದು ಅವಳ ನೋಟ. ಬೀದಿಯ ತುದಿಯಲ್ಲಿ ಮೇಷ್ಟ್ರು ನಲ್ಲಿ ನೀರು, ಚರಂಡಿ, ದೀಪದ ಕಂಬ ಅಂತ ಮಾತಾಡುವಾಗ ಇವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾಳೆ ಒಳ್ಳೆಯದಾಗುತ್ತದೆ, ಈ ಮನುಷ್ಯನಿಂದಲೇ ಆಗುತ್ತದೆ ಅನ್ನುವ ನೋಟ. ಅಂಗಡಿ ತೆರೆದ ವರ್ಷ ಅದು ನನ್ನ ಮೇಲೂ ಬಿದ್ದಿತ್ತೋ ಏನೋ. ನಾನಾಗ ತಲೆ ತಗ್ಗಿಸಿಕೊಂಡು ಹೊಲಿಯುತ್ತಿದ್ದೆ.

"ಆಗುತ್ತೆ ಕಣ್ರೀ, ಈ ಸಲ ಆಗುತ್ತೆ," ಅನ್ನುತ್ತಿದ್ದಳು ಊಟಕ್ಕೆ ಕೂತಾಗ.

"ಏನಾಗುತ್ತೆ? ಯಾರು ಬಂದ್ರೂ ನಮ್ಮ ಬಟ್ಟೆ ನಾವೇ ಹೊಲೀಬೇಕು."

"ನಿಮಗೇನು ಗೊತ್ತು, ಒಂದು ಸಲ ಬಂದು ಅವರ ಮಾತು ಕೇಳಿ."

ನನಗೆ ಗೊತ್ತಿಲ್ಲದ್ದೇನಲ್ಲ. ಈಗಿನ ಮೆಂಬರು ಮೊದಲ ಸಲ ನಿಂತಾಗ ಅವನಿಗಾಗಿ ಬಾವುಟಗಳನ್ನು ಬಿಟ್ಟಿ ಹೊಲಿದುಕೊಟ್ಟ ಪೆದ್ದ ನಾನೇ. ಗೆದ್ದ ದಿನ ನನ್ನನ್ನು ಅಪ್ಪಿಕೊಂಡಿದ್ದ. ಆಮೇಲೆ ಅವನ ಕಾರಿನ ಗಾಜು ಇಳಿದದ್ದನ್ನು ನಾನು ಕಂಡಿಲ್ಲ. ಅಂಗಡಿಯ ಮುಂದೆ ಚರಂಡಿ ಕಟ್ಟಿಕೊಂಡು ನಾರುವಾಗೆಲ್ಲ ಅವನಿಗೆ ಬಾಯಿತುಂಬ ಬೈದಿದ್ದೇನೆ. ಆಸೆಯ ಬಾಗಿಲಿಗೆ ನಾನು ಅಂದೇ ಬೀಗ ಹಾಕಿದೆ. ಹಾಗಿರುವಾಗ ನನ್ನದೇ ಮನೆಯಲ್ಲಿ, ನನ್ನದೇ ಅನ್ನ ತಿಂದುಕೊಂಡು, ನನ್ನ ಹೆಂಡತಿ ಹೀಗೆ ಖುಷಿಯಾಗಿ ಆಸೆಪಡುವುದು ಯಾವ ನ್ಯಾಯ? ಪಾತ್ರೆ ತೊಳೆಯುವಾಗ ಗುನುಗಲು ಬೇರೆ ಶುರುಮಾಡಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗಿತ್ತು ಸಂಸಾರ. ಕೋಣ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟ್ರು ಸೋಲಬೇಕು. ಸೋತರೆ ಅವಳು ಸ್ಟೂಲಿಗೆ ವಾಪಸು ಬರುತ್ತಾಳೆ. ನನ್ನ ಲೆಕ್ಕ ಅಷ್ಟೇ.

ಕೊನೆಯ ದೊಡ್ಡ ಸಭೆಗೆ ಮುಂಚೆ ಅವಳು ಮೇಷ್ಟ್ರನ್ನು ಅಂಗಡಿಗೇ ಕರೆತಂದಳು. "ರೀ, ಇವರಿಗೊಂದು ಒಳ್ಳೆ ಕೋಟು ಹೊಲಿದುಕೊಡಿ. ಆ ಹಳೇದನ್ನ ಹಾಕ್ಕೊಂಡು ವೇದಿಕೆ ಹತ್ತೋಕಾಗುತ್ತಾ?"

ಅಳತೆ ತೆಗೆಯುವಾಗ ನಮ್ಮಿಬ್ಬರಲ್ಲಿ ಒಂದು ರೂಢಿಯಿದೆ. ಗಿರಾಕಿಯ ಒಂದು ಭುಜ ಇಳಿದಿದ್ದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಯಾರಿಗಾದರೂ ಬೇಜಾರಾಗುತ್ತದೆ. ನಾನು ಕೆಮ್ಮುತ್ತೇನೆ. ಎಡಭುಜವಾದರೆ ಒಂದು ಸಲ, ಬಲಭುಜವಾದರೆ ಎರಡು ಸಲ. ಅವಳು ಬಟ್ಟೆಯ ಮೇಲೆ ಚಾಕ್‌ನಿಂದ ಗುರುತು ಹಾಕುತ್ತಾಳೆ. ಹೊಲಿಯುವಾಗ ಆ ಭುಜದೊಳಗೆ ಒಂದು ಪ್ಯಾಡು ಹೆಚ್ಚಿಗೆ ಕೂರುತ್ತದೆ, ಗಿರಾಕಿ ನೆಟ್ಟಗಾಗಿ ಮನೆಗೆ ಹೋಗುತ್ತಾನೆ.

ಮೇಷ್ಟ್ರ ಎಡಭುಜ ಚೆನ್ನಾಗಿಯೇ ಇಳಿದಿತ್ತು. ಬಲಗೈ ಎತ್ತಿ ಬೋರ್ಡಿನ ಮೇಲೆ ಬರೆದೂ ಬರೆದೂ ಹಾಗಾಗಿರಬೇಕು. ಟೇಪು ಇಟ್ಟೆ, ತೆಗೆದೆ. ಅವಳು ಚಾಕ್ ಹಿಡಿದು ಕಾಯುತ್ತಿದ್ದಳು. ನಾನು ಕೆಮ್ಮಲಿಲ್ಲ.

"ಇವತ್ತು ಧೂಳಿಲ್ವೇನ್ರೀ?" ಅಂದಳು.

"ಇಲ್ಲ," ಅಂದೆ.

ಕೋಟನ್ನು ಶ್ರದ್ಧೆಯಿಂದಲೇ ಹೊಲಿದೆ. ಕಾಲರು, ತೋಳು, ಜೇಬು ಎಲ್ಲಾ ಅಚ್ಚುಕಟ್ಟು. ಪ್ಯಾಡು ಮಾತ್ರ ಎರಡೂ ಭುಜಕ್ಕೆ ಸಮ. ಅಂಥ ಕೋಟು ಹಾಕಿಕೊಂಡರೆ ಇಳಿದ ಭುಜ ಇನ್ನೂ ಇಳಿದಂತೆ ಕಾಣುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯಾರು ಕೇಳಿದರೂ ಅಳತೆ ಸರಿಯಿದೆ ಅನ್ನಬಹುದು. ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿ, ಹೊಲಿಗೆ ದಾರ ತರಲು ಮಾರ್ಕೆಟ್ಟಿಗೆ ಹೋದೆ. ನಾನು ಬರುವಷ್ಟರಲ್ಲಿ ಅವಳು ಕೋಟನ್ನು ಮೇಷ್ಟ್ರ ಮನೆಗೆ ಮುಟ್ಟಿಸಿಯಾಗಿತ್ತು.

ಅಂದು ಸಂಜೆ ಜೀವನದಲ್ಲಿ ಮೊದಲ ಸಲ ಮೇಷ್ಟ್ರ ಸಭೆಗೆ ಹೋದೆ. ಅವಳಿಗೆ ಸಂತೋಷವೋ ಸಂತೋಷ, ಮುಂದಿನ ಸಾಲಿನಲ್ಲಿ ಕೂರಿಸಿದಳು. ಮೇಷ್ಟ್ರು ವೇದಿಕೆ ಹತ್ತಿದರು. ನೆಟ್ಟಗಿದ್ದರು. ಎರಡು ಭುಜವೂ ಒಂದೇ ಸಮ, ಸ್ಕೇಲ್ ಇಟ್ಟು ಗೆರೆ ಎಳೆಯಬಹುದು. ನನ್ನ ಕಣ್ಣೇ ಕೆಟ್ಟಿತೇನೋ ಅಂತ ಕಣ್ಣುಜ್ಜಿಕೊಂಡೆ.

"ಕೋಟು ಭಾರಿ ಚೆನ್ನಾಗಿದೆಯಲ್ಲಯ್ಯ, ಭುಜ ನೋಡು!" ಅಂದ ಹಿಂದೆ ಕೂತಿದ್ದ ಗಡಿಯಾರದವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ನನ್ನ ಹೆಗಲಿಗೆ ಹೋಯಿತು.

ಸಭೆ ಮುಗಿದ ಮೇಲೆ ಮೇಷ್ಟ್ರು ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡರು. "ಎಷ್ಟೋ ವರ್ಷ ಆಯ್ತಪ್ಪಾ, ಕನ್ನಡಿ ಮುಂದೆ ನೆಟ್ಟಗೆ ನಿಂತು," ಅಂದರು. ಸೆಕೆಗೆ ಕೋಟು ಬಿಚ್ಚಿ, ನೀರು ಕುಡಿದು ಬರುವತನಕ ಹಿಡಿದುಕೊಳ್ಳಲು ನನಗೇ ಕೊಟ್ಟರು. ಮೆಲ್ಲಗೆ ಒಳಮಗ್ಗುಲು ತಿರುಗಿಸಿ ನೋಡಿದೆ. ಎಡಭುಜದ ಒಳಬಟ್ಟೆಯನ್ನು ಬಿಚ್ಚಿ ಮತ್ತೆ ಕೈಯಲ್ಲಿ ಹೊಲಿದಿತ್ತು. ನನ್ನ ಹೆಂಡತಿ ಎಡಚಿ. ಅವಳ ಹೆಮ್ಮಿಂಗಿನ ಎಳೆಗಳು ಎಲ್ಲರ ಹೊಲಿಗೆಗೂ ಉಲ್ಟಾ ವಾಲುತ್ತವೆ. ಈ ಊರಿನಲ್ಲಿ ಹಾಗೆ ಹೊಲಿಯುವವಳು ಅವಳೊಬ್ಬಳೇ.

ಸ್ವಲ್ಪ ದೂರದಲ್ಲಿ ಹೆಂಗಸರ ಜೊತೆ ಕುರ್ಚಿ ಮಡಿಸುತ್ತಿದ್ದವಳು ನನ್ನ ಕಡೆ ಒಮ್ಮೆ ನೋಡಿದಳು. ಮನೆಗೆ ನಡೆಯುವಾಗ ಬೈಯುತ್ತಾಳೆ ಅಂತ ಕಾದೆ, ಬೈಯಲಿಲ್ಲ. "ಚಪ್ಪಲಿ ಕಚ್ತಿದೆ, ನಿಧಾನ ಹೋಗೋಣ," ಅಂದಳು ಅಷ್ಟೇ. ನಾಚಿಕೆಯಾಗಬೇಕಿತ್ತು. ಆಗಿದ್ದು ಇನ್ನೂ ದೊಡ್ಡ ಹೊಟ್ಟೆಕಿಚ್ಚು. ನನ್ನ ಕೆಲಸವನ್ನು ಬಿಚ್ಚಿ ಹೊಲಿಯುವಷ್ಟು ಆ ಮನುಷ್ಯ ಬೇಕಾದನಾ ಇವಳಿಗೆ?

ಮತದಾನದ ದಿನ ಇಬ್ಬರೂ ಒಟ್ಟಿಗೇ ಹೋದೆವು. ಪರದೆಯ ಹಿಂದೆ ನಿಂತು ನಾನು ವೋಟು ಒತ್ತಿದ್ದು ಮೆಂಬರಿಗೆ. ಚರಂಡಿಯ ಮೆಂಬರಿಗೆ, ಗಾಜು ಇಳಿಸದವನಿಗೆ. ಹೊರಗೆ ಬಂದಾಗ ಅವಳು ಬೆರಳಿನ ಶಾಯಿ ತೋರಿಸಿ ನಕ್ಕಳು. ನಾನೂ ನನ್ನ ಬೆರಳು ತೋರಿಸಿದೆ.

ಮೇಷ್ಟ್ರು ಸೋತರು. ಸುದ್ದಿಯನ್ನು ಗಡಿಯಾರದವನು ತಂದ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಅಂಗಡಿ ಬೇಗ ಮುಚ್ಚಿ ಮನೆಗೆ ಹೋಗಿ ನಾನೇ ಅನ್ನಕ್ಕಿಟ್ಟೆ. ಅತ್ತುಕೊಂಡು ಬರುತ್ತಾಳೆ, ಸಮಾಧಾನ ಹೇಳಬೇಕು. "ಹೋಗಲಿ ಬಿಡು, ರಾಜಕೀಯವೇ ಹಾಗೆ" ಅನ್ನುವ ಮಾತನ್ನು ಎರಡು ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ.

ಅವಳು ಬಂದಳು. ಕಣ್ಣು ಊದಿತ್ತು, ನಿಜ. ಮುಖ ತೊಳೆದಳು, ತಟ್ಟೆಯ ಮುಂದೆ ಕೂತು ಚೆನ್ನಾಗಿಯೇ ಉಣ್ಣತೊಡಗಿದಳು. ನಾನು ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ. "ಹೋಗಲಿ ಬಿಡು..."

"ಹೋಗಲಿ ಅನ್ನೋದೇನು? ಸ್ವಲ್ಪದರಲ್ಲಿ ತಪ್ಪಿತು," ಅಂದಳು. "ಮೇಷ್ಟ್ರಿಗೆ ಇನ್ನು ಆಗಲ್ಲವಂತೆ, ವಯಸ್ಸಾಯ್ತು. ಮುಂದಿನ ಸಲ ನಮ್ಮ ಹೆಂಗಸರಲ್ಲೇ ಒಬ್ಬರು ನಿಲ್ಲಬೇಕು ಅಂತ ಮಾತಾಯ್ತು. ಎಲ್ಲರೂ ನನ್ನ ಹೆಸರೇ ಹೇಳ್ತಿದಾರೆ."

ಸೋತ ಎದುರಾಳಿ ಮನೆಗೆ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು ಅಂತ ನಾನು ನಂಬಿದ್ದೆ. ನನ್ನ ಎದುರಾಳಿ ನನ್ನ ಮನೆಯಲ್ಲೇ ಕೂತು ಅನ್ನ ಕಲಸುತ್ತಿದ್ದಳು.

"ನೀನು ಏನಂದೆ?"

"ಮನೆಯವರನ್ನ ಕೇಳಿ ಹೇಳ್ತೀನಿ ಅಂದೆ." ತಟ್ಟೆ ಪಕ್ಕಕ್ಕೆ ಸರಿಸಿದಳು. "ರೀ, ನನಗಾದ್ರೂ ವೋಟು ಹಾಕ್ತೀರಾ?"

"ಹಾಗಂದ್ರೆ? ನಾನೇನು ಮೇಷ್ಟ್ರಿಗೆ ಹಾಕ್ಲಿಲ್ಲ ಅಂದ್ಕೊಂಡ್ಯಾ?" ದನಿ ಬೇಕಾದ್ದಕ್ಕಿಂತ ಜೋರಾಯಿತು.

"ಮೇಷ್ಟ್ರ ವಿಷಯ ನಾನು ಕೇಳ್ಲಿಲ್ಲ," ಅಂದಳು ಮೆತ್ತಗೆ. "ನನ್ನ ವಿಷಯ ಕೇಳಿದೆ."

ನನ್ನನ್ನೇ ನೋಡುತ್ತಾ ಕೂತಳು. ಕೋಪವಿರಲಿಲ್ಲ. ನಾಳೆ ಒಳ್ಳೆಯದಾಗುತ್ತದೆ, ಈ ಮನುಷ್ಯನಿಂದಲೂ ಆಗಬಹುದು ಅನ್ನುವ ಹಾಗೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ನೋಟ ನನ್ನ ಮೇಲೆ ಬೀಳಲಿ ಅಂತಲೇ ಅಲ್ಲವೇ ನಾನು ಇಷ್ಟು ದಿನ ಉರಿದದ್ದು? ಈಗ ಬಿದ್ದಿತ್ತು. ಎದುರಿಗೆ ನೋಡಲಾಗದೆ ನಾನು ತಲೆ ತಗ್ಗಿಸಿಕೊಂಡೆ.