ಕೋಲ್ಡ್ ರೂಮಿನ ಹಸಿರು

ದೇವರು ಕಣ್ಣಿಗೆ ಕಾಣುವುದಿಲ್ಲ, ಆದರೆ ಎಲ್ಲ ಕಡೆ ಇದ್ದಾನೆ. ವೈಫೈ ಸಿಗ್ನಲ್ಲೂ ಕಾಣುವುದಿಲ್ಲ. ಆದರೆ ಅದು ಎಲ್ಲ ಕಡೆ ಇರುವುದಿಲ್ಲ. ಅದಕ್ಕೇ ಅಕ್ಕ-ತಮ್ಮ ಇಬ್ಬರೂ ಕಟ್ಟಡ ಕಟ್ಟಡ ಸುತ್ತಿ ಅದನ್ನು ಅಳೆಯುವ ಕಸುಬು ಹಿಡಿದದ್ದು. ಟ್ಯಾಬ್ ಹಿಡಿದು ನಡೆಯಬೇಕು, ನಿಂತ ಜಾಗವನ್ನು ನಕ್ಷೆಯ ಮೇಲೆ ಒತ್ತಬೇಕು. ಸಿಗ್ನಲ್ ಇದ್ದಲ್ಲಿ ಹಸಿರು, ಇಲ್ಲದಲ್ಲಿ ಕೆಂಪು.

ಆಸ್ಪತ್ರೆಯ ಅಡುಗೆಮನೆ ಅಳೆದವನು ತಮ್ಮ. ಹಾಲು, ತರಕಾರಿ ಇಡುವ ತಗಡಿನ ಗೋಡೆಯ ಕೋಲ್ಡ್ ರೂಮ್ ಅವನ ನಕ್ಷೆಯಲ್ಲಿ ಹಸಿರೋ ಹಸಿರು. ಅದನ್ನು ನಂಬಿ ಆಸ್ಪತ್ರೆಯವರು ಒಳಗೆ ಸಿಕ್ಕಿಕೊಂಡವರು ಒತ್ತಲೆಂದು ಇದ್ದ ಹಳೆಯ ತಂತಿ ಗಂಟೆ ಕಿತ್ತು, ಅಡುಗೆಯವರ ಕೈಗೆ ವೈಫೈ ಫೋನ್ ಕೊಟ್ಟರು. ನಿನ್ನೆ ಒಳಗಿನ ಚಿಲಕ ಕಚ್ಚಿಕೊಂಡು ಅಡುಗೆಯವಳು ಸಿಕ್ಕಿಬಿದ್ದಳು. ಅವಳು ಇವರದೇ ಸೋದರತ್ತೆ. ತಾಯಿ ತೀರಿದ ಮೇಲೆ ಇಬ್ಬರನ್ನೂ ಸಾಕಿದವಳು. ಸಿಗ್ನಲ್ ಇಲ್ಲದೆ ಫೋನ್ ಹೋಗಲಿಲ್ಲ. ಬಾಗಿಲು ಬಡಿದು ಬಡಿದು ಸೋತು ಮೂಲೆಯಲ್ಲಿ ಕೂತವಳನ್ನು, ಹೊರಗಿನಿಂದ ಬಾಗಿಲು ತೆಗೆದ ಪಾತ್ರೆ ತೊಳೆಯುವವಳು ಕಂಡು ಹೊರಗೆಳೆದಳು. ಈಗ ವಾರ್ಡಿನಲ್ಲಿ ಮಲಗಿದ್ದಾಳೆ, ಹತ್ತೂ ಬೆರಳಿಗೆ ಬ್ಯಾಂಡೇಜು. ಮ್ಯಾನೇಜರಂತೂ ಗಂಟೆ ವಾಪಸ್ ಹಾಕಲು ಒಲ್ಲೆ ಎಂದ: “ನಕ್ಷೆ ಹಸಿರಿದೆ. ಆಯಮ್ಮನಿಗೇ ಫೋನ್ ಮಾಡಕ್ಕೆ ಬಂದಿಲ್ಲ.”

ಕೋಲ್ಡ್ ರೂಮಿನ ಮುಂದೆ ಅಕ್ಕ ತಮ್ಮನನ್ನು ತಡೆದು ನಿಲ್ಲಿಸಿದಳು.

“ಒಳಗೆ ಹೋಗಿದ್ಯೇನೋ?”

“ನಕ್ಷೆ ನೋಡಕ್ಕ...”

“ನಕ್ಷೆ ಕೇಳ್ಲಿಲ್ಲ. ನಿನ್ನ ಕಾಲು ಒಳಗೆ ಹೋಗಿತ್ತಾ?”

ತಮ್ಮ ಕತ್ತು ಕೆರೆದುಕೊಂಡ. “ಸ್ವೆಟರ್ ಇರ್ಲಿಲ್ಲ. ಹೊರಗಿಂದಾನೇ ಈ ಕಡೆ ಒಂದ್ಸಲ, ಆ ಕಡೆ ಒಂದ್ಸಲ ಒತ್ತಿದೆ. ನಡುವಿನ ಬಣ್ಣ ಟ್ಯಾಬೇ ತುಂಬ್ಕೊಳ್ಳುತ್ತೆ.”

“ತುಂಬ್ಕೊಳ್ಳುತ್ತಂತೆ! ಅಡುಗೆಮನೆ ಸುತ್ತ ಒಂದು ಸುತ್ತು ಹಾಕಿದ್ರೆ ನಿನ್ನ ಹೊಟ್ಟೆ ತುಂಬುತ್ತೇನೋ?”

“ಬಿಡಕ್ಕ, ಅತ್ತೆ ಉಳ್ಕೊಂಡ್ಳಲ್ಲ. ದೇವರು ದೊಡ್ಡವನು.”

ಅಕ್ಕನಿಗೆ ಪಿತ್ತ ನೆತ್ತಿಗೇರಿತು. “ನಿನ್ನ ಮೈಗಳ್ಳತನಕ್ಕೆ ದೇವರನ್ನ ಜಾಮೀನು ನಿಲ್ಲಿಸ್ಬೇಡ. ನಡಿ ಒಳಗೆ.”

“ಬಾಗಿಲು ತೆಗೆದಿರ್ಲಿ...”

“ಅತ್ತೆಗೆ ತೆಗೆದಿತ್ತಾ? ಒಳಗಿಂದ ಫೋನ್ ಮಾಡು. ರಿಂಗಾದ್ರೆ ತೆಗೀತೀನಿ.”

ಬಾಗಿಲು ಮುಚ್ಚಿ, ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಇನ್ನೊಂದು ಕೈಯಲ್ಲಿದ್ದ ಫೋನ್ ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಶುರುವಾಯಿತು. ಮೊದಲು ಬೆರಳಿನದು, ಆಮೇಲೆ ಮುಷ್ಟಿಯದು. ನಿನ್ನೆ ಅತ್ತೆ ಬಡಿದದ್ದೂ ಹೀಗೇ ಇದ್ದೀತು ಅನ್ನಿಸಿತು ಅವಳಿಗೆ.

ತೆಗೆದಳು. ತಮ್ಮ ಟ್ಯಾಬ್ ಚಾಚಿದ. ಅವನು ಒಳಗೆ ನಿಂತು ಒತ್ತಿದ್ದ ಬಾಗಿಲ ಬಳಿ ಕೆಂಪು ಹರಡಿತ್ತು.

“ಹಿಂದಿನ ಮೂಲೆ ಇನ್ನೂ ಹಸಿರಿದೆ,” ಎಂದಳು ಅಕ್ಕ. “ಅತ್ತೆ ಕೂತಿದ್ದು ಅಲ್ಲೇ. ರೂಮು ಪೂರ್ತಿ ಅಳೀದೆ ಆ ಮ್ಯಾನೇಜರ್ ಗಂಟೆ ಹಾಕಲ್ಲ.”

ತಮ್ಮ ತಿರುಗಿ ಒಳಗೆ ಹೋದ. ಈ ಸಲ ಬಾಗಿಲನ್ನು ತಾನೇ ಎಳೆದುಕೊಂಡ.