ಹೊಲಿದ ಜೇಬು

ನಮ್ಮ ಕೋಟಿನ ಜೇಬುಗಳನ್ನು ಹೊಲಿದುಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದರೆ ಜೇಬೇ, ಮೇಲೆ ಹಿತ್ತಾಳೆಯ ಗುಂಡಿ ಕೂಡ ಇದೆ, ಆದರೆ ಒಳಗೆ ಒಂದು ಬೆರಳೂ ತೂರುವುದಿಲ್ಲ. ಜೇಬಿನಲ್ಲಿ ಏನಾದರೂ ಇಟ್ಟುಕೊಂಡರೆ ಕೋಟು ಜೋತುಬೀಳುತ್ತದೆ, ಅತಿಥಿಗಳ ಎದುರು ಮಾರ್ಗದರ್ಶಕ ಮೂಟೆ ಹೊತ್ತವನ ಹಾಗೆ ಕಾಣಬಾರದು ಎಂದು ಯಾವನೋ ಪುಣ್ಯಾತ್ಮ ಎಂದೋ ಬರೆದಿಟ್ಟ ನಿಯಮ. ಪ್ಯಾಂಟಿಗೂ ಅದೇ ಗತಿ. ಕೈಯಲ್ಲಿ ಕೋಣೆಗಳ ಬೀಗದ ಕೈಗೊಂಚಲು ಬಿಟ್ಟರೆ ಇನ್ನೇನೂ ಇರಕೂಡದು. ಹತ್ತೊಂಬತ್ತು ವರ್ಷ ಈ ನಿಯಮವನ್ನು ಗೇಲಿ ಮಾಡಿಕೊಂಡು ಬಂದಿದ್ದೆ. ಆ ಬುಧವಾರದಿಂದ ಮಾಡುವುದಿಲ್ಲ.

ಸರ್ಕಾರಿ ಭವನದ ಹಳೆಯ ಸ್ವಾಗತ ಕೋಣೆಗಳನ್ನು ಜನರಿಗೆ ತೋರಿಸುವುದು ನನ್ನ ಕೆಲಸ. ಐದು ಕೋಣೆ, ಕೋಣೆಗೆ ಎಂಟು ನಿಮಿಷ. ಅತಿಥಿಗಳಿಗೆ ಬೆನ್ನು ತೋರಿಸುವಂತಿಲ್ಲ, ಹಾಗಾಗಿ ಹಿಂದುಹಿಂದಕ್ಕೆ ನಡೆಯುತ್ತೇನೆ. ಯಾವ ಹೊಸ್ತಿಲು ಎಲ್ಲಿದೆ ಎಂಬುದು ನನ್ನ ಹಿಮ್ಮಡಿಗೆ ಗೊತ್ತು. ಹಿಂದಿನ ಬಾಗಿಲಿಗೆ ಬೀಗ ಹಾಕಿದ ಮೇಲೆಯೇ ಮುಂದಿನದನ್ನು ತೆಗೆಯಬೇಕು. ಹೇಳಬೇಕಾದದ್ದೆಲ್ಲ ಮೂವತ್ತೊಂದು ಪುಟದ ಪಠ್ಯದಲ್ಲಿದೆ, ಅದರಾಚೆ ಒಂದು ಮಾತೂ ಇಲ್ಲ. ಜೊತೆಯವರು ನನ್ನನ್ನು ಗಿಣಿ ಎನ್ನುತ್ತಾರೆ. ಆ ಹೆಸರಿನ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಒಂಚೂರು ಜಂಬವೇ ಇತ್ತು.

ಈ ಗಿಣಿಪಾಠ ಕಲಿಸಿದವಳು ಅಕ್ಕ. ನಾನು ಐದು ವರ್ಷದವನಿದ್ದಾಗ ಅಮ್ಮ ತೀರಿಕೊಂಡಳು. ದೊಡ್ಡಮ್ಮನ ಮಗಳು ನನ್ನನ್ನು ಸೊಂಟದ ಮೇಲೆ ಹೊತ್ತು ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳಿಗಾಗ ಹದಿನೇಳು. ಒಲೆಯ ಮುಂದೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದಳು, ತಪ್ಪಿದರೆ ಸೌಟಿನ ಹಿಡಿಯಿಂದ ಮೊಣಕಾಲಿಗೆ ಒಂದು ಏಟು, ಸರಿ ಹೇಳಿದರೆ ಜಾಣ ಎಂದು ತಲೆ ಸವರುವುದು. ಎಲ್ಲರ ಬಾಯಲ್ಲೂ ಅವಳು ನನ್ನ ಅಕ್ಕ. ಕಾಗದದಲ್ಲಿ ಮಾತ್ರ ದೊಡ್ಡಮ್ಮನ ಮಗಳು.

ಆ ಕಾಗದವೇ ನಮ್ಮ ಕುತ್ತಿಗೆಗೆ ಬಂತು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ನನ್ನದು ಅವಳಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾದಾಗ ನಾನು ಆಸ್ಪತ್ರೆಯ ವರಾಂಡದಲ್ಲೇ ಅತ್ತುಬಿಟ್ಟಿದ್ದೆ. ಆದರೆ ಒಡಹುಟ್ಟಿದವರಲ್ಲದವರು ಕೊಡುವುದಾದರೆ ಅಂಗದಾನ ಸಮಿತಿಯ ಅನುಮತಿ ಬೇಕು. ಅರ್ಜಿ ಹಾಕಿ ಏಳು ತಿಂಗಳಾಗಿತ್ತು. ಸಮಿತಿ ಸೇರುವುದೇ ಅಪರೂಪ, ಮುಂದಿನ ಸಭೆಗೆ ಇನ್ನೂ ಎರಡು ತಿಂಗಳಿತ್ತು. ಈ ಕಡೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಡಯಾಲಿಸಿಸ್ ಯಂತ್ರದ ಸೂಜಿ ಚುಚ್ಚಲು ಇವರ ಕೈಯಲ್ಲಿ ನರವೇ ಉಳಿದಿಲ್ಲ, ಹೆಚ್ಚೆಂದರೆ ಎರಡು ವಾರ, ಅದರಾಚೆಗೆ ನಾನು ಏನೂ ಹೇಳಲಾರೆ ಎಂದಿದ್ದರು.

ತುರ್ತಿದ್ದಾಗ ಸಮಿತಿಯ ಅಧ್ಯಕ್ಷರೊಬ್ಬರೇ ಸಹಿ ಹಾಕಬಹುದು ಎಂದು ಅರ್ಜಿ ತೆಗೆದುಕೊಳ್ಳುವ ಕಿಟಕಿಯಾಚೆಯ ಗುಮಾಸ್ತ ಹೇಳಿದ್ದ. "ಅವರು ಮನಸ್ಸು ಮಾಡಿದ್ರೆ ನಾಳೆನೇ ಆಗತ್ತೆ. ಆದ್ರೆ ಅವರ ತನಕ ಹೋಗೋದು ಹೇಗೆ ಅಂತ ನನ್ನ ಕೇಳ್ಬೇಡಿ."

ಅಧ್ಯಕ್ಷರ ಕಚೇರಿ ಇರುವುದು ನಮ್ಮ ಭವನದಲ್ಲೇ. ನಾನು ದಿನಕ್ಕೆ ನಾಲ್ಕು ಸಲ ತೋರಿಸುವ ನಾಲ್ಕನೆಯ ಕೋಣೆಯ ಗೋಡೆಯಾಚೆ. ಆ ಗೋಡೆಯಲ್ಲಿ ಮರದ ಹಲಗೆಯ ಹಾಗೇ ಕಾಣುವ ಒಂದು ಬಾಗಿಲಿದೆ, ಪಠ್ಯದ ಇಪ್ಪತ್ತಮೂರನೆಯ ಪುಟದಲ್ಲಿ ಅದರ ವರ್ಣನೆಯೂ ಇದೆ. ಅದರ ಕೀಲಿ ಮಾತ್ರ ನನ್ನ ಗೊಂಚಲಿನಲ್ಲಿಲ್ಲ. ಮೂರು ಪತ್ರ ಬರೆದೆ. ಭೇಟಿಗೆ ಸಮಯ ಕೇಳಿದೆ. ಎಲ್ಲದಕ್ಕೂ ಒಂದೇ ಉತ್ತರ, ಪರಿಶೀಲನೆಯಲ್ಲಿದೆ.

ಹೀಗಿರುವಾಗ ಮಂಗಳವಾರ ಸಂಜೆ ನಮ್ಮ ಮೇಲ್ವಿಚಾರಕಿ ಮರುದಿನದ ಪಟ್ಟಿ ಹಿಡಿದು ಬಂದರು. ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಊರಿನ ಒಂಬತ್ತು ಮಂದಿ ವೈದ್ಯರು, ಜೊತೆಗೆ ಸಮಿತಿಯ ಅಧ್ಯಕ್ಷರು. ತೋರಿಸುವವನು ನಾನು.

"ನಿನ್ನ ಅಕ್ಕನ ವಿಷಯ ನಂಗೆ ಗೊತ್ತು," ಎಂದರು ಅವರು. "ಅದಕ್ಕೇ ಮೊದಲೇ ಹೇಳ್ತಿದೀನಿ. ಪಠ್ಯ ಬಿಟ್ಟು ಒಂದಕ್ಷರ ಆಚೀಚೆ ಆಗಬಾರದು. ಅತಿಥಿಗಳನ್ನ ಬಿಟ್ಟು ಒಂದು ಹೆಜ್ಜೆ ಎಲ್ಲೂ ಹೋಗಬಾರದು. ಹಾಗೇನಾದ್ರೂ ಆದ್ರೆ ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಿ ಆಗಲ್ಲ."

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಸ್ಪತ್ರೆಗೆ ಹೋದೆ. ಅಕ್ಕನಿಗೆ ಅಂದು ಯಂತ್ರದ ಸರದಿ ಇರಲಿಲ್ಲ, ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು. ವಿಷಯ ಹೇಳಿದೆ.

"ಹಲ್ಲು ಗಿಂಜ್ಕೊಂಡು ಕಾಲಿಗೆ ಬೀಳೋಕೆ ಹೋಗ್ಬೇಡ," ಎಂದಳು. "ನೆಟ್ಟಗೆ ನಿಂತು ಹೇಳು. ಅರ್ಜಿ ನಂಬರ್ ಗೊತ್ತಿದೆ ತಾನೆ?"

"ಚೀಟಿ ಇದೆ."

"ಚೀಟಿ ಎಲ್ಲಿಟ್ಕೋತೀಯ, ನಿನ್ನ ಕೋಟಿಗೆ ಜೇಬೇ ಇಲ್ವಲ್ಲ. ಬಾಯಿಪಾಠ ಮಾಡು. ಹೇಳು ನೋಡೋಣ."

ಏಳು ನಾಲ್ಕು ಸೊನ್ನೆ ಒಂಬತ್ತು ಎರಡು ಆರು. ಅವಳು ಐದು ಸಲ ಹೇಳಿಸಿದಳು. ಕೊನೆಯ ಸಲ ನಿಲ್ಲಿಸದೆ ಹೇಳಿದಾಗ, ಸೂಜಿ ಚುಚ್ಚಿ ಚುಚ್ಚಿ ನೀಲಿಯಾಗಿದ್ದ ಕೈಯೆತ್ತಿ ನನ್ನ ತಲೆ ಸವರಲು ನೋಡಿದಳು. ಕೈ ಅಷ್ಟೆತ್ತರ ಏಳಲಿಲ್ಲ, ನಾನೇ ತಲೆ ಬಗ್ಗಿಸಿದೆ.

ಚೀಟಿಯನ್ನು ನೆಲಮಾಳಿಗೆಯ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮೆಟ್ಟಿಲ ಬುಡದಲ್ಲಿ ನಿಂತೆ. ಅಧ್ಯಕ್ಷರು ಮುಂದಾಗಿಯೇ ಬಂದರು. ರಾಕ್ಷಸನಂಥವರು ಇರಬಹುದು ಎಂದುಕೊಂಡಿದ್ದೆ, ನೋಡಿದರೆ ಮಂಡಿ ನೋವಿನ ಮುದುಕರು. ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹಿಂದೆಯೇ ಟಿಪ್ಪಣಿ ಪುಸ್ತಕ ಹಿಡಿದ ಅವರ ಸಹಾಯಕಿ, ಆಮೇಲೆ ಒಂಬತ್ತು ಮಂದಿ ವೈದ್ಯರು. ಎಲ್ಲರ ಬೂಟಿನ ಮೇಲೂ ಬಟ್ಟೆಯ ಕವಚ ಹಾಕಿಸಿದೆ. ಅಧ್ಯಕ್ಷರಿಗೆ ಬಗ್ಗಲಾಗಲಿಲ್ಲ, ನಾನೇ ಕೂತು ಹಾಕಿದೆ. ಅವರ ಕಾಲು ನನ್ನ ಕೈಯಲ್ಲಿತ್ತು. ಆಗಲೇ ಹೇಳಬಹುದಿತ್ತು. ಥ್ಯಾಂಕ್ಸ್ ಎಂದರು, ನಾನು ಎದ್ದುನಿಂತೆ.

ಮೊದಲ ಕೋಣೆಯಲ್ಲಿ ಹೇಳುತ್ತೇನೆ ಎಂದುಕೊಂಡೆ. ಹೇಳಿದ್ದು ಅಮೃತಶಿಲೆ ಎಷ್ಟು ಹಡಗಿನಲ್ಲಿ ಬಂತು ಎಂದು. ಎರಡನೆಯದು ಹಸಿರು ಕೋಣೆ. ಅಲ್ಲಿ ಅಧ್ಯಕ್ಷರು ನನ್ನ ಪಕ್ಕಕ್ಕೇ ಬಂದು ನಿಂತರು, ನಾನು ಪರದೆಯ ರೇಷ್ಮೆ ನೇಯ್ದವರ ಬಗ್ಗೆ ಹೇಳಿದೆ. ಮೂರನೆಯದು ಕನ್ನಡಿಗಳ ಕೋಣೆ. ಹನ್ನೆರಡು ಕನ್ನಡಿಯಲ್ಲೂ ನನ್ನದೇ ಮೂತಿ, ನಗುನಗುತ್ತ ಬಾಯಾಡಿಸುತ್ತಿತ್ತು. ನನಗೆ ನನ್ನ ಮೇಲೆಯೇ ಅಸಹ್ಯ ಬಂತು. ಹತ್ತೊಂಬತ್ತು ವರ್ಷ ತಿದ್ದಿ ತೀಡಿದ ನಾಲಿಗೆ, ನನ್ನ ಮಾತಿಗೆ ಸಂದಿಯನ್ನೇ ಬಿಡುತ್ತಿರಲಿಲ್ಲ. ಹಿಂದಿನ ಬಾಗಿಲಿಗೆ ಬೀಗ ಹಾಕುವಾಗ ಕೈಗೊಂಚಲು ಗಲಗಲ ಎಂದಿತು.

ನಾಲ್ಕನೆಯದು ಅಹವಾಲು ಕೋಣೆ. ಹಿಂದಿನ ಕಾಲದಲ್ಲಿ ಜನ ಬಂದು ಇಲ್ಲಿನ ಉದ್ದನೆಯ ಮರದ ಬೆಂಚಿನ ಮೇಲೆ ಕಾಯುತ್ತಿದ್ದರು. ಆ ಬೆಂಚಿನ ಒಂದು ತುದಿ ಕೂತೂ ಕೂತೂ ಸವೆದಿದೆ. ಮಗನನ್ನು ಗಲ್ಲಿನಿಂದ ಬಿಡಿಸಲು ಮೂರು ದಿನ ಅಲ್ಲಿ ಕೂತಿದ್ದ ಒಬ್ಬ ತಾಯಿಯ ಕಥೆ ಪಠ್ಯದಲ್ಲಿದೆ. ಅದನ್ನು ಹೇಳಲು ಬಾಯಿ ತೆರೆದೆ.

"ಈ ಬೆಂಚಿನ ತುದಿಗೆ ಒಬ್ಬ ತಮ್ಮ ಬಂದು ಕೂತ," ಎಂದೆ. "ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಅಕ್ಕ ಹಾಸಿಗೆ ಹಿಡಿದಿದ್ದಳು. ಅವಳನ್ನು ಉಳಿಸಲು ಬೇಕಾದದ್ದು ಅವನ ಬಳಿಯೇ ಇತ್ತು. ಅದನ್ನು ಕೊಡಲು ಈ ಮನೆಯ ದೊಡ್ಡವರ ಅಪ್ಪಣೆ ಬೇಕಿತ್ತು. ಏಳು ತಿಂಗಳು ಕಾದ. ಅವರು ಗೋಡೆಯಾಚೆಯೇ ಇದ್ದರು."

ನನ್ನದೇ ಮಾತು ಕೊನೆಗೂ ಹೊರಗೆ ಬಂದಿತ್ತು, ಆದರೆ ಅದೇ ಏರಿಳಿತ, ಅದೇ ನಿಲುಗಡೆ, ಕೈ ಬೆಂಚಿನ ಕಡೆಗೆ ಅದೇ ವೈಖರಿಯಲ್ಲಿ ಚಾಚಿಕೊಂಡಿತ್ತು. ವೈದ್ಯರಲ್ಲೊಬ್ಬಾಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್ನೊಬ್ಬರು ಬೆಂಚಿನ ಫೋಟೊ ತೆಗೆದರು.

"ಪಾಪ. ಆಮೇಲೆ ಏನಾಯ್ತು?" ಅಧ್ಯಕ್ಷರು ಕೇಳಿದರು. "ಅಪ್ಪಣೆ ಸಿಕ್ತಾ?"

"ಇನ್ನೂ ಇಲ್ಲ ಸರ್."

"ಇನ್ನೂ ಇಲ್ಲ ಅಂದ್ರೆ? ಯಾವ ಕಾಲದ್ದಪ್ಪಾ ಇದು?"

"ಈ ವರ್ಷದ್ದು ಸರ್. ಅವಳು ನನ್ನ ಅಕ್ಕ. ಕಿಡ್ನಿ ಕೊಡೋಕೆ ಅರ್ಜಿ ಹಾಕಿದೀನಿ, ನಿಮ್ಮ ಕಚೇರಿಲಿದೆ. ಅವಳಿಗಿರೋದು ಎರಡೇ ವಾರ."

ಫೋಟೊ ತೆಗೆಯುತ್ತಿದ್ದವರ ಕೈ ಕೆಳಗಿಳಿಯಿತು. ಮೇಲ್ವಿಚಾರಕಿ ನೆನಪಾದರು, ಕೆಲಸ ಹೋಯಿತು ಎಂದುಕೊಂಡೆ, ಹೋಗಲಿ ಎಂದುಕೊಂಡೆ. ಅಧ್ಯಕ್ಷರು ನನ್ನನ್ನೇ ನೋಡಿದರು. ಅವರು ಬೈಯಲಿಲ್ಲ. ಬೈದಿದ್ದರೆ ಈಗ ಅವರನ್ನು ಶಪಿಸಿಕೊಂಡಾದರೂ ಇರುತ್ತಿದ್ದೆ.

"ನಂಬರ್ ಹೇಳಿ," ಎಂದರು. "ಕೆಳಗಿಳಿಯೋ ಅಷ್ಟರಲ್ಲಿ ಕಡತ ತರಿಸಿ ಸಹಿ ಹಾಕ್ತೀನಿ. ಇಲ್ಲಿಂದ ನೇರ ವಿಮಾನಕ್ಕೆ ಹೋಗ್ತಿದೀನಿ, ಮೂರು ವಾರ ಇರೋದಿಲ್ಲ."

ಸಹಾಯಕಿ ಪುಸ್ತಕ ತೆರೆದು ಪೆನ್ನು ಹಿಡಿದರು.

"ನಾಲ್ಕು ಎರಡು ಎಂಟು ಸೊನ್ನೆ," ಎಂದೆ.

"ಆರು ಅಂಕಿ ಬೇಕು," ಎಂದರು ಆಕೆ.

ನಾಲ್ಕು ಸಾವಿರದ ಇನ್ನೂರ ಎಂಬತ್ತು ಎಂದರೆ ಮುಂದಿನ ಕೋಣೆಯ ತೂಗುದೀಪದ ಗಾಜಿನ ಹನಿಗಳು. ನಾನು ಕಣ್ಣು ಮುಚ್ಚಿದೆ. ಹಡಗುಗಳ ಸಂಖ್ಯೆ ಬಂತು. ಕನ್ನಡಿಗಳ ಅಳತೆ ಬಂತು. ಗೋಡೆಯ ಮೇಲಿನ ಅಷ್ಟೂ ಚಿತ್ರಗಳ ಇಸವಿ ಸಾಲಾಗಿ ಬಂತು. ಅಕ್ಕ ಐದು ಸಲ ಹೇಳಿಸಿದ್ದು ಮಾತ್ರ ಬರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು, ಬೆರಳು ಹೊಲಿಗೆಗೆ ತಾಗಿ ನಿಂತಿತು.

"ಹೆಸರಲ್ಲಿ ಹುಡುಕೋಕೆ ಆಗಲ್ವಾ?" ಅಧ್ಯಕ್ಷರು ಸಹಾಯಕಿಯನ್ನು ಕೇಳಿದರು.

"ಇಲ್ಲ ಸರ್. ಕೊಡೋರ ಗುಟ್ಟು ಕಾಯೋಕೆ ಅಂತ ಹೆಸರು ಮುಚ್ಚಿಟ್ಟಿರ್ತೀವಿ. ಎಲ್ಲಾ ನಂಬರ್ ಮೇಲೇ."

"ಪರವಾಗಿಲ್ಲ, ಗಾಬರಿ ಆಗ್ಬೇಡಿ," ಎಂದರು ಅವರು ನನಗೆ. "ನೀವು ಮುಂದುವರಿಸಿ. ಅದಾಗೇ ನೆನಪಾಗತ್ತೆ, ಆಗ ಹೇಳಿ."

ಚೀಟಿ ಎರಡು ಮಹಡಿ ಕೆಳಗಿತ್ತು. ಅತಿಥಿಗಳನ್ನು ಸಹಾಯಕಿಗೆ ಒಪ್ಪಿಸಿ, ಹಿಂದಿನ ಬಾಗಿಲುಗಳ ಬೀಗ ತೆಗೆಯುತ್ತ ಓಡಿದ್ದರೆ ಹೋಗಿ ಬರಲು ನಾಲ್ಕು ನಿಮಿಷ ಸಾಕಿತ್ತು. ಕೆಲಸ ಹೋದರೆ ಹೋಗಲಿ ಎಂದುಕೊಂಡವನು ನಾನೇ ತಾನೆ. ಆದರೂ ಅತಿಥಿಗಳನ್ನು ಬಿಟ್ಟು ಹೋಗಬಹುದು ಎಂಬ ಯೋಚನೆಯೇ ನನ್ನ ತಲೆಗೆ ಬರಲಿಲ್ಲ. ಅದು ಬಂದದ್ದು ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ. ಆ ಕೋಣೆಯಲ್ಲಿ ನಾನು ಮಾಡಿದ್ದು ಇಷ್ಟೆ, ಹಿಂದಿನ ಬಾಗಿಲಿಗೆ ಬೀಗ ಹಾಕಿದೆ, ಮುಂದಿನದನ್ನು ತೆಗೆದೆ, ಹಿಂದುಹಿಂದಕ್ಕೆ ನಡೆದೆ.

ಐದನೆಯದು ದೊಡ್ಡ ಸಭಾಂಗಣ. ಅಲ್ಲಿಯ ಪಠ್ಯದ ತುಂಬ ಬರೀ ಅಂಕಿಗಳು. ತೂಗುದೀಪದ ತೂಕ, ಕಿಟಕಿಗಳ ಎತ್ತರ, ನೆಲಕ್ಕೆ ಹಾಸಿದ ಮರದ ತುಂಡುಗಳು. ಒಂದೊಂದು ಅಂಕಿ ಹೇಳಿದಾಗಲೂ ಒಳಗೆ ಎಲ್ಲೋ ಸುಳಿದಾಡುತ್ತಿದ್ದದ್ದು ಇನ್ನಷ್ಟು ದೂರ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಎಂಟು ನಿಮಿಷ ಸುಮ್ಮನೆ ನಿಂತಿದ್ದರೆ ನೆನಪಾಗುತ್ತಿತ್ತೇನೋ. ನನಗೆ ಸುಮ್ಮನಿರಲು ಬರಲಿಲ್ಲ, ಅಧ್ಯಕ್ಷರು ಮುಂದುವರಿಸಿ ಎಂದಿದ್ದರಲ್ಲ.

ಕೆಳಗೆ ಕಾರು ನಿಂತಿತ್ತು. ಅಧ್ಯಕ್ಷರು ಒಂದು ಕಾಲು ಒಳಗಿಟ್ಟು ನನಗಾಗಿ ಕಾದರು. ಸಹಾಯಕಿಯ ಪೆನ್ನು ಇನ್ನೂ ಕೈಯಲ್ಲೇ ಇತ್ತು. ನಾನು ಕೈಮುಗಿದು ನಿಂತಿದ್ದೆ.

"ಸರ್, ತಡ ಆಗ್ತಿದೆ," ಎಂದರು ಆಕೆ.

"ಬರೆದು ಕಳಿಸಿ," ಎಂದರು ಅಧ್ಯಕ್ಷರು. "ಬಂದ ತಕ್ಷಣ ಮೊದಲು ನಿಮ್ಮದೇ ನೋಡ್ತೀನಿ. ಮಾತು ಕೊಡ್ತೀನಿ."

ಕಾರು ಹೊರಟ ಮೇಲೆ ಓಡಿದೆ. ಚೀಟಿ ತೆಗೆದುಕೊಂಡು ಹೊರಗೇಟಿಗೆ ಬರುವಷ್ಟರಲ್ಲಿ, ಹೋಗಿ ಐದು ನಿಮಿಷ ಆಯ್ತಲ್ಲ ಗಿಣಿ, ಎಂದ ಕಾವಲುಗಾರ. ಅಧ್ಯಕ್ಷರ ಕಚೇರಿಗೆ ಫೋನ್ ಮಾಡಿದೆ. ಅವರ ಸಹಿಯನ್ನು ಅವರೇ ಕಡತದ ಮೇಲೆ ಹಾಕಬೇಕು, ಬೇರೆಯವರು ಹಾಕುವಂತಿಲ್ಲ ಎಂದು ಸಮಾಧಾನದಿಂದ ಹೇಳಿದರು. ಮತ್ತೆ ಮಾಡಿದೆ, ಮತ್ತೆ ಅದನ್ನೇ ಹೇಳಿದರು. ಮೂರನೆಯ ಸಲ ಯಾರೂ ಎತ್ತಲಿಲ್ಲ.

ಎರಡೂವರೆಯ ಗುಂಪಿಗೆ ತೂಗುದೀಪ ತೋರಿಸಿ ತೂಕ ಹೇಳಲು ಹೋದಾಗ, ಏಳು ನಾಲ್ಕು ಸೊನ್ನೆ ಒಂಬತ್ತು ಎರಡು ಆರು ಎಂಬುದು ನೀರು ಹರಿದ ಹಾಗೆ ಬಾಯಿಂದ ಬಂತು. ಮುಂದೆ ನಿಂತಿದ್ದ ಹೆಂಗಸು ಅದನ್ನು ಬರೆದುಕೊಂಡರು.

ಸಂಜೆ ಅಕ್ಕ ಒರಗು ದಿಂಬಿಗೆ ಬೆನ್ನು ಆನಿಸಿ ಕೂತಿದ್ದಳು. ತಲೆ ಬಾಚಿಸಿಕೊಂಡಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸುಳ್ಳೆಲ್ಲ ಬಾಗಿಲಲ್ಲೇ ಉದುರಿಹೋಯಿತು.

"ಸಿಕ್ಕಿದ್ರಾ?" ಎಂದಳು.

"ಸಿಕ್ಕಿದ್ರು. ಒಳ್ಳೆಯವರು."

"ಹೇಳಿದ್ಯಾ?"

"ಹೇಳ್ದೆ."

"ನಂಬರ್ ಕೇಳಿದ್ರಾ?"

ಹೂಂ ಎಂದೆ. ಅವಳ ಊದಿದ ಮುಖ ಅರಳಿತು.

"ನಾನು ಹೇಳ್ಲಿಲ್ವಾ ಕೇಳ್ತಾರೆ ಅಂತ. ಹೇಗೆ ಹೇಳಿದೆ, ಇನ್ನೊಂದ್ಸಲ ಹೇಳು ನೋಡೋಣ."

ಏಳು, ನಾಲ್ಕು, ಸೊನ್ನೆ, ಒಂಬತ್ತು, ಎರಡು, ಆರು ಎಂದೆ. ಒಂದೂ ತಪ್ಪಲಿಲ್ಲ.

"ಜಾಣ," ಎಂದು ಅವಳು ಕೈಯೆತ್ತಿದಳು. ನಾನು ತಲೆ ಬಗ್ಗಿಸಿದೆ.